ಅತ್ತೆ ತಂದ ಮೊಗೆಕಾಯಿ

ಸಾಂಬಾರಿಗೆ ಹಾಕುವ ಬಣ್ಣದ ಸೌತೆಗೆ ನಮ್ಮ ಕಡೆ ಮೊಗೆಕಾಯಿ ಅನ್ನುತ್ತೇವೆ. ಬಾಳೆನಾರಿನಲ್ಲಿ ಕಟ್ಟಿ ತೊಲೆಗೆ ತೂಗಿಬಿಟ್ಟರೆ ಮಳೆಗಾಲ ಪೂರ್ತಿ ಕೆಡುವುದಿಲ್ಲ. ನಮ್ಮ ಶಾಲೆಯ ಅಡುಗೆಕೋಣೆಯಲ್ಲಿ ಈಗ ಸಾಲಾಗಿ ತೂಗುತ್ತವೆ. ಕಿಟಕಿಯ ಬೆಳಕು ಬಿದ್ದಾಗ ನೋಡಬೇಕು, ಯಾರೋ ಹಗಲಲ್ಲಿ ದೀಪ ಆರಿಸಲು ಮರೆತ ಹಾಗೆ. ನೋಡುತ್ತಾ ನಿಂತು ಒಗ್ಗರಣೆ ಸೀಯಿಸಿದ್ದೂ ಉಂಟು.

ಅರಳಸುರಳಿ ಕಡೆಯ ಸರ್ಕಾರಿ ಶಾಲೆಯಲ್ಲಿ ನಾನು ಬಿಸಿಯೂಟ ಮಾಡುವವಳು. ಮೊದಲು ತರಕಾರಿ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಬಂದು ಮುಟ್ಟುವಷ್ಟರಲ್ಲಿ ಬೀನ್ಸಿಗೂ ನನಗೂ ಒಂದೇ ವಯಸ್ಸು. ಊರ ಹಿತ್ತಲಿನದನ್ನೇ ಹಾಕೋಣ ಎಂದು ಟೀಚರ ಬೆನ್ನು ಬಿದ್ದೆ.

“ಒಂದಿನ ಮಾಡಿ ನೋಡಿ. ಮಕ್ಳು ತಟ್ಟೇಲಿ ಬಿಟ್ರೆ ಮತ್ತೆ ಪೇಟೆ ತರಕಾರಿನೇ. ಆಮೇಲೆ ನನ್ ತಲೆ ತಿನ್ಬಾರ್ದು” ಎಂದರು.

ಆ ದಿನಕ್ಕೆ ಮೊಗೆಕಾಯಿ ಹೊತ್ತು ತಂದವರು ನನ್ನ ಅತ್ತೆ. ಕಷ್ಟವಾದದ್ದೇ ಅಲ್ಲಿ. ಪಾತ್ರೆಗೆ ಹಾಕುವ ಮೊದಲು ಚೂರು ತಿಂದು ನೋಡುವುದು ನಮ್ಮ ರೂಢಿ. ಒಂದು ಕಾಯಿ ಕಹಿಯಿದ್ದರೆ ಇಡೀ ಸಾಂಬಾರು ಹಾಳು. ಆದರೆ ಕೊಟ್ಟವರ ಎದುರಿಗೆ ಯಾರೂ ತಿಂದು ನೋಡುವುದಿಲ್ಲ. ನೋಡಿದರೆ ಅವರ ಹಿತ್ತಲನ್ನೇ ಅನುಮಾನಿಸಿದ ಹಾಗೆ. ಅತ್ತೆಯೋ ಹೊಸ್ತಿಲ ಮೇಲೆ ಕೂತವರು ಏಳುವ ಲಕ್ಷಣವಿಲ್ಲ. ಜೊತೆಯ ಅಡುಗೆಯವಳು ಮರ್ಯಾದೆಗೆ ಅಂಜಿ ಹೋಳುಗಳನ್ನು ಹಾಗೇ ಸುರಿಯಲು ಹೊರಟಳು.

ನಾನು ಅವಳ ಕೈ ತಡೆದು ಒಂದು ಹೋಳು ಬಾಯಿಗೆ ಹಾಕಿದೆ.

“ಅತ್ತೆ, ಕಹಿ ಇದೆ.”

“ನಮ್ ಬಳ್ಳೀದಾ? ನಿನ್ ನಾಲಿಗೇನೇ ಕಹಿ ಕಣೆ. ತಾ ಇಲ್ಲಿ.”

ಅತ್ತೆ ಅಗಿದರು. ಮುಖ ಕಿವುಚಲಿಲ್ಲ. ಅನ್ನದ ಹಬೆ ಬಿಸಿಲುಕೋಲಿನೊಳಗೆ ಮೆಲ್ಲಗೆ ಸುತ್ತುತ್ತಿತ್ತು. ಎಲ್ಲೋ ಮಕ್ಕಳು ಮಗ್ಗಿ ಹೇಳುತ್ತಿದ್ದರು, ನೀರಿನೊಳಗಿಂದ ಕೇಳಿದ ಹಾಗೆ. ಹೊತ್ತೇ ನಿಂತುಹೋಯಿತು ಅನ್ನಿಸಿತು. ಅತ್ತೆ ನುಂಗಿದರು.

“ಎಂಥದೇ ಮಾರಾಯ್ತಿ,” ಕಣ್ಣಲ್ಲಿ ನೀರು ತುಂಬಿತ್ತು, “ನೀರ್ ಕೊಡೇ ಮೊದ್ಲು!”

ಜೊತೆಯವಳು ನಕ್ಕೂ ನಕ್ಕೂ ಸೌಟು ಬೀಳಿಸಿದಳು. ಅತ್ತೆ ಆ ಹೋಳುಗಳನ್ನು ಗೊಬ್ಬರದ ಗುಂಡಿಗೆ ಸುರಿದು ಬಂದು, ಉಳಿದ ಕಾಯಿಗಳನ್ನು ತಾವೇ ಕೊಯ್ದು, ತಿಂದು ನೋಡಿಯೇ ಕೊಟ್ಟರು.

ಮಧ್ಯಾಹ್ನ ತಟ್ಟೆಗಳು ಖಾಲಿ. ಟೀಚರ್ ಕೈ ತೊಳೆಯುತ್ತಾ, “ನಾಳೆಗೂ ಇದ್ಯಾ?” ಎಂದರು.

ನನಗಿಂತ ಮೊದಲು ಅತ್ತೆ ಬಾಯಿ ಹಾಕಿದರು: “ಇದೆ. ಆದ್ರೆ ಯಾರ್ ಕೊಟ್ರೂ ಅವ್ರ್ ಎದ್ರಿಗೇ ತಿಂದ್ ನೋಡಿ. ನಾನೇ ತಿಂದಿದೀನಿ, ಇನ್ಯಾರಿಗೆ ಬೇಜಾರು?”

ಈಗ ಹೆಚ್ಚುವ ದಿನ ಕಾಯಿ ಕೊಟ್ಟ ಮನೆಯವರೇ ಬಂದು ಮೊದಲ ಚೂರು ತಿನ್ನುತ್ತಾರೆ. ಕಹಿಯಿದ್ದರೂ ಮುಖ ಕಿವುಚದೆ ಅಗಿಯುವವರು ಇನ್ನೂ ಇದ್ದಾರೆ. ಅಂಥವರಿಗೆ ಅತ್ತೆ ನೀರಿನ ಲೋಟ ಮುಂದೆ ಹಿಡಿಯುತ್ತಾರೆ.