ಯಜಮಾನರು ಬರೆಯದೆ ಬಿಟ್ಟ ಪರೀಕ್ಷೆ

ನಮ್ಮ ಯಜಮಾನರ ಕೆಲಸ ಲಿಫ್ಟ್ ರಿಪೇರಿ. ಆ ಮಂಗಳವಾರವೂ ಕೆಲಸಕ್ಕೆ ಹೊರಡುವ ಮುಂಚೆ ಕಂಪ್ಯೂಟರಿನ ಮುಂದೆ ಕೂತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದು ಪ್ರೋಗ್ರಾಮಿಂಗ್ ಭಾಷೆ ಇದೆ. ಅದರಲ್ಲಿ ಸಿಕ್ಕ ತಪ್ಪುಗಳನ್ನು ಹನ್ನೊಂದು ವರ್ಷದಿಂದ ತಿದ್ದಿ, ಆ ಭಾಷೆ ನೋಡಿಕೊಳ್ಳುವವರಿಗೆ ಕಳಿಸುತ್ತಿದ್ದರು.

"ತಿದ್ದಿ ಆಯ್ತಲ್ಲ, ಏಳಿ. ತಿಂಡಿ ಆರ್ತಿದೆ," ಅಂದೆ.

"ಬರೀ ತಿದ್ದಿದ್ರೆ ಆಗಲ್ಲ ಕಣೇ. ಆ ತಪ್ಪು ಮತ್ತೆ ಬಂದ್ರೆ ಹಿಡಿಯೋಕೆ ಒಂದು ಪರೀಕ್ಷೆನೂ, ಅಂದ್ರೆ ಇನ್ನೊಂದು ಚಿಕ್ಕ ಪ್ರೋಗ್ರಾಮ್, ಬರೀಬೇಕು. ಅದಿಲ್ದೆ ಅವರು ತಗೊಳ್ಳಲ್ಲ."

"ನನ್ನ ಅಡುಗೆಗೆ ಇಷ್ಟು ಪರೀಕ್ಷೆ ಇಟ್ಟಿದ್ರೆ ನೀವು ಉಪವಾಸ ಇರ್ತಿದ್ರಿ."

ನಕ್ಕರು. ಸಂಜೆ ಬರೆಯುತ್ತೇನೆಂದು ಹೋದರು. ಮಧ್ಯಾಹ್ನ ಕೆಲಸದ ಜಾಗದಲ್ಲೇ ಎದೆಬಡಿತ ನಿಂತುಹೋಯಿತು.

ತಿಂಗಳಾದ ಮೇಲೆ ಮೈದುನ ಬಂದ. ಅವನೂ ಆ ವಿದ್ಯೆ ಬಲ್ಲವನು. ಕಂಪ್ಯೂಟರ್ ನೋಡಿ, "ಅತ್ತಿಗೆ, ಅಣ್ಣ ತಿದ್ದಿ ಕಳಿಸಿದ್ದು ಹಾಗೇ ಬಿದ್ದಿದೆ. ಪರೀಕ್ಷೆ ಇಲ್ಲ ಅಂತ ಕೈಬಿಡ್ತಾರಂತೆ," ಅಂದ.

ಅವರ ಕೊನೆಯ ಕೆಲಸ ಕಸಕ್ಕೆ ಹೋಗಬಾರದು ಅನ್ನಿಸಿತು. "ನೀನೇ ಬರಿ," ಅಂದೆ. ಮೂರು ಭಾನುವಾರ ಕೂತು ಬರೆದ. ಭಾಷೆ ನೋಡಿಕೊಳ್ಳುವವರು ಒಪ್ಪಿದರು. ಆದರೆ ಆ ತಪ್ಪು ನಮ್ಮ ಮನೆಯಂಥ ಹಳೇ ಕಂಪ್ಯೂಟರಿನಲ್ಲಿ ಮಾತ್ರ ಕಾಣುತ್ತದಂತೆ. ಪರೀಕ್ಷೆಯನ್ನು ದಿನಾ ಓಡಿಸಿ ನೋಡಲು ಅವರ ಹತ್ತಿರ ಅಂಥ ಕಂಪ್ಯೂಟರ್ ಇರಲಿಲ್ಲ.

"ಅಣ್ಣನ ಮನೆಯವರು ನೋಡ್ತಾರೆ ಅಂತ ಬರೆದುಬಿಡು," ಅಂದೆ.

"ನಿಮಗೆ ಬರುತ್ತಾ?"

"ಕಲಿಸು, ಬರುತ್ತೆ."

ನಾನು ಓದಿದ್ದು ಮೂರನೇ ಕ್ಲಾಸು. ಬೆಳಿಗ್ಗೆ ಮುಖ ತೊಳೆದು ಕಂಪ್ಯೂಟರ್ ಹಾಕುತ್ತೇನೆ. ಮೈದುನ ತೋರಿಸಿದ ಗುಂಡಿ ಒತ್ತಿ ಕಾಯುತ್ತೇನೆ. ಕೆಂಪು ಬಂದರೆ ತಪ್ಪು ಮರಳಿದೆ ಅಂತ, ಅವನಿಗೆ ಫೋನ್ ಮಾಡುತ್ತೇನೆ. ಹಸಿರು ಬಂದರೆ ಕಂಪ್ಯೂಟರ್ ಆರಿಸಿ, ಬಟ್ಟೆ ಹೊದಿಸಿ ಏಳುತ್ತೇನೆ.