ಅಕ್ಕನ ಸುದ್ದಿ ಚಾನೆಲ್‌ಗೆ ತಲುಪಲಿಲ್ಲ

ಕಳೆದ ಸೋಮವಾರ ಬೆಳಿಗ್ಗೆ ಹೆಡ್ ಆಫೀಸಿನಿಂದ ಸುಧಾಕರ ಫೋನ್ ಮಾಡಿದ.

"ಹ್ವಾಯ್ ಅಣ್ಣ, ನೀವ್ ರಿಪೋರ್ಟ್ ಕಳ್ಸುದ್ ನಿಲ್ಸಿದ್ರಿಯಾ? ಚಾನೆಲಲ್ಲಿ ಎಂತದೂ ಕಾಂತಿಲ್ಲ ಮಾರಾಯ್ರೆ!"

ನಿಲ್ಲಿಸುವುದೇ? ಬಾಗಿಲು ತೆಗೆದು, ಫ್ಯಾನ್ ಹಾಕಿ, ನಾನು ಮಾಡುವ ಮೊದಲ ಕೆಲಸವೇ ಸ್ಟಾಕಿನ ರಿಪೋರ್ಟ್ ಕಳಿಸುವುದು!

ನಮ್ಮದು ಬೋಟಿನವರಿಗೆ ಬಲೆ, ಹಗ್ಗ, ಐಸ್ ಬಾಕ್ಸ್ ಮಾರುವ ಸಣ್ಣ ಕಂಪನಿ. ಹೆಡ್ ಆಫೀಸ್ ಕುಂದಾಪುರದಲ್ಲಿ. ಬ್ರಹ್ಮಾವರದಲ್ಲೊಂದು ಬ್ರ್ಯಾಂಚ್ (ಅಲ್ಲಿ ಜಯಂತಿ), ಬೈಂದೂರಲ್ಲೊಂದು. ಬೈಂದೂರು ಬ್ರ್ಯಾಂಚ್ ಅಂದರೆ ನಾನೊಬ್ಬನೇ. ಮ್ಯಾನೇಜರೂ ನಾನೇ, ಕಸ ಗುಡಿಸುವವನೂ ನಾನೇ.

ಚಾನೆಲ್ ಎಂದರೆ ಟಿವಿಯದ್ದಲ್ಲ. ಆಫೀಸಿನ ಚಾಟ್ ಆ್ಯಪಿನಲ್ಲಿ ನಮ್ಮವರೆಲ್ಲ ಇರುವ ಗುಂಪು. ಅದಕ್ಕೊಂದು ಈಮೇಲ್ ವಿಳಾಸವೂ ಇದೆ. ಅಲ್ಲಿಗೆ ಮೇಲ್ ಹಾಕಿದರೆ ಅದು ಎಲ್ಲರ ಕಣ್ಣಮುಂದೆ ಬಂದು ಕೂರುತ್ತದೆ. (ಕೂರಬೇಕು.) ನನಗೆ ಚಾಟ್ ಒಗ್ಗಿದ್ದಿಲ್ಲ. ನಾನು ಮೇಲ್ ಕಾಲದವನು. ಕಳಿಸಿದೆ, ತಲುಪಿತು ಎಂದುಕೊಂಡೆ.

"ನೀವ್ ಯಾವ ಐಡಿಯಿಂದ ಕಳ್ಸುದ್, ಕಾಣಿ ಕಾಂಬ" ಎಂದ ಸುಧಾಕರ. ಕಂಪನಿಯಲ್ಲಿ ಕಂಪ್ಯೂಟರ್ ಕಾಯಿಲೆಗೆಲ್ಲ ಅವನೇ ಡಾಕ್ಟರು.

ನೋಡಿದೆ. ಮಳೆಗಾಲದ ಮೊದಲು ಹೊಸ ಫೋನ್ ಕೊಂಡಿದ್ದೆ. ಅಂದಿನಿಂದ ಮೇಲ್‌ಗಳೆಲ್ಲ ನನ್ನ ಸ್ವಂತ ವಿಳಾಸದಿಂದ ಹೋಗುತ್ತಿದ್ದವು. ಚಾನೆಲ್ ಆಫೀಸಿನ ವಿಳಾಸದ ಮೇಲ್ ಮಾತ್ರ ಒಳಗೆ ಬಿಡುತ್ತದಂತೆ. ಉಳಿದದ್ದು ಬಾಗಿಲಿನಿಂದಲೇ ವಾಪಸ್.

"ಇಷ್ಟ್ ದಿನ ಯಾರೂ ಕೇಳ್ಲಿಲ್ವಲ್ಲ ಸುಧಾಕರ?"

"ಅದನ್ನ್ ದಿನಾ ಯಾರ್ ಓದ್ತ್ರ್ ಅಣ್ಣ? ಈಗ ಸ್ಟಾಕ್ ಟ್ಯಾಲಿ ಮಾಡುಕ್ ಹೊರ್ಟಾಗಲೇ ಗೊತ್ತಾದ್ದ್."

ನಕ್ಕೆ. ಬೇರೇನು ಮಾಡಲಿ?

ಅವನು ಹೇಳಿದಂತೆ ಸೆಟ್ಟಿಂಗ್ ಬದಲಿಸಿದೆ. "ಈಗ ಒಂದ್ ಟೆಸ್ಟ್ ಮೇಲ್ ಹಾಕಿ" ಎಂದ. "ಟೆಸ್ಟ್" ಎಂದು ಬರೆದು ಕಳಿಸಿದೆ.

"ಬಂತ್, ಬಂತ್! ಕಾಣಿ, ಆಗ್ಲೇ ನಾಲ್ಕೈದ್ ಜನ ಥಂಬ್ಸ್ ಅಪ್ ಒತ್ತಿಯೂ ಆಯ್ತ್. ಜಯಂತಿ 'ವೆಲ್ಕಮ್ ಬ್ಯಾಕ್' ಅಂದಿದ್ರ್."

"ವಾಪಸ್ ಬಂದದ್ದೆಲ್ಲ ನಿಮ್ಮ ಸ್ಪ್ಯಾಮಲ್ಲಿ ಬಿದ್ದಿರತ್ತ್" ಎಂದೂ ಸೇರಿಸಿದ. ತೆರೆದೆ. ರಿಪೋರ್ಟ್, ರಿಪೋರ್ಟ್, ರಿಪೋರ್ಟ್. ನಡುವೆ ಒಂದಕ್ಕೆ ಮಾತ್ರ ಬೇರೆ ತಲೆಬರಹವಿತ್ತು.

'ಇಂದು ಬೆಳಿಗ್ಗೆ ನನ್ನ ಅಕ್ಕ ತೀರಿಕೊಂಡರು.'

ಬಿಜೂರಿನ ನಮ್ಮ ಮನೆಯಲ್ಲಿ ಇದ್ದದ್ದು ಅಕ್ಕ, ನಾನು, ಇಬ್ಬರೇ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅದನ್ನು ಬರೆದಿದ್ದೆ. ಒಬ್ಬೊಬ್ಬರಿಗೂ ಫೋನ್ ಮಾಡಿ ಅದೇ ವಾಕ್ಯವನ್ನು ಮತ್ತೆ ಮತ್ತೆ ಹೇಳುವ ಧೈರ್ಯವಿರಲಿಲ್ಲ. ರಜೆಯನ್ನು ಬೇರೆ ಆ್ಯಪಿನಲ್ಲಿ ಹಾಕಿದ್ದೆ. ಅದು ಕಾರಣ ಕೇಳುವುದಿಲ್ಲ, 'ಪರ್ಸನಲ್' ಎಂದು ಒತ್ತಿದರೆ ಸಾಕು. (ಈ ಅಂಕಣದಲ್ಲೂ ನಿಮಗೆ ಹೇಳಲಿಲ್ಲ. ಕೈ ಬರಲಿಲ್ಲ.)

ಉತ್ತರಕ್ರಿಯೆ ಮುಗಿಯಿತು. ನೆಂಟರು ಹೋದರು. ಆಫೀಸಿನವರು ಒಬ್ಬರೂ ಬರಲಿಲ್ಲ, ಒಂದು ಮಾತು ಕೇಳಲಿಲ್ಲ. ಕೆಲಸಕ್ಕೆ ಮರಳಿದೆ. ಫೋನ್ ಬಂದರೆ ಬಲೆಯ ನಂಬರು, ಹಗ್ಗದ ದಪ್ಪ, ಅಷ್ಟೇ. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಫೋನಿನತ್ತ ನೋಡುತ್ತಿದ್ದೆ. 'ಉಂಡ್ಯಾ?' ಎಂದು ಕೇಳುತ್ತಿದ್ದ ಒಂದೇ ಫೋನ್ ಅಕ್ಕನದಾಗಿತ್ತು. ಸರಿ, ಇವರಿಗೆ ನಾನು ಯಾರೂ ಅಲ್ಲ ಎಂದು ತೀರ್ಮಾನಿಸಿದೆ. ನಾನೂ ಮಾತು ಕಡಿಮೆ ಮಾಡಿದೆ. ಜಯಂತಿ ಬ್ರಹ್ಮಾವರದಲ್ಲಿ ಕಟ್ಟಿದ ಹೊಸ ಮನೆಯ ಗೃಹಪ್ರವೇಶಕ್ಕೆ ಕರೆದಾಗ ಹೋಗಲಿಲ್ಲ. ಯಾಕೆಂದು ಅವಳೂ ಕೇಳಲಿಲ್ಲ.

"ಅಣ್ಣ, ಲೈನಲ್ಲಿ ಇದ್ರ್ಯಾ? ಎಂತ ಆಯ್ತ್?" ಎಂದ ಸುಧಾಕರ.

ಓದಿ ಹೇಳಿದೆ.

ಅವನು ನಿಧಾನವಾಗಿ ಹೇಳಿದ: "ನೀವ್ ರಜೆಯಲ್ಲಿದ್ರಿ ಅಂದ್ಕಂಡಿದ್ದೆ ಅಣ್ಣ. ಪರ್ಸನಲ್ ಅಂತ ಇತ್ತಲ್ದಾ, ಉಪದ್ರ ಕೊಡುದ್ ಬೇಡ ಅಂದ್ಕಂಡ್ ಫೋನೂ ಮಾಡ್ಲಿಲ್ಲ. ನಿಮ್ಗೆ ಒಂದ್ ಫೋನ್ ಮಾಡುಕ್ ಆಯ್ಲಿಲ್ಯಾ?"

ಅವರೇ ಕೇಳಲಿ ಎಂದು ನಾನು ಸುಮ್ಮನಿದ್ದೆ. ನನಗೆ ತೊಂದರೆಯಾಗಬಾರದೆಂದು ಅವರು ಸುಮ್ಮನಿದ್ದರು. ಎಷ್ಟು ಮರ್ಯಾದಸ್ಥರು ನಾವು!

"ಅದನ್ನೇ ಈಗ ಫಾರ್ವರ್ಡ್ ಮಾಡಿ, ಎಲ್ಲರಿಗೂ ಗೊತ್ತಾಗ್ಲಿ" ಎಂದ.

ಫಾರ್ವರ್ಡ್ ಒತ್ತಿದೆ. 'ಇಂದು ಬೆಳಿಗ್ಗೆ' ಎಂಬಲ್ಲಿ ಬೆರಳು ನಿಂತಿತು. ಇಂದು ಅಲ್ಲವಲ್ಲ! ಆ ಎರಡು ಪದ ಅಳಿಸಿದೆ. ಅಳಿಸಿದ ಮೇಲೆ ಆ ಸುದ್ದಿಯನ್ನು ಕಳಿಸಲು ಮನಸ್ಸಾಗಲಿಲ್ಲ. "ಬೇಡ, ನೀನೇ ಬಾಯಲ್ಲಿ ಹೇಳು" ಎಂದೆ.

ಅವನು ಹೇಳಿದ. ಮರುದಿನ ಜಯಂತಿ ಬಸ್ಸು ಹತ್ತಿ ಬೈಂದೂರಿಗೆ ಬಂದಳು. ಅವಳು ಈ ಬ್ರ್ಯಾಂಚಿನ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಬಲೆಯ ಕಟ್ಟುಗಳನ್ನು ಸರಿಸಿ ಕುರ್ಚಿ ಕೊಟ್ಟೆ.

ಕೂತವಳು ಕೇಳಿದಳು: "ಅಣ್ಣ, ಅಕ್ಕನ ಹೆಸ್ರ್ ಎಂತ?"

ವರ್ಷಗಟ್ಟಲೆ ಜೊತೆಯಲ್ಲಿ ಕೆಲಸ ಮಾಡಿದವರು. ದಿನಾ ಫೋನಿನಲ್ಲಿ ಮಾತಾಡಿದವರು. ಹೆಸರು ಹೇಳಿದೆ. ಆಸ್ಪತ್ರೆಯಲ್ಲೂ ಬಾರದ ಅಳು ಆಗ ಬಂತು. ಅವಳೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಅವಳನ್ನು ಬಸ್ಸಿಗೆ ಹತ್ತಿಸಿ ವಾಪಸ್ ಬರುವಾಗ ಹೊಳೆಯಿತು: ಜಯಂತಿಯ ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನನಗಾದರೂ ಗೊತ್ತಿದೆಯೇ?