ಮಗ್ಗದ ಎಣ್ಣೆ ಬಿಟ್ಟ ಬೇರಿಂಗ್

ನನ್ನ ಅಕ್ಷರ ದುಂಡಗಿಲ್ಲ, ಸಾಲುಗಳು ಮೇಲಕ್ಕೆ ಹತ್ತಿಕೊಂಡು ಹೋಗುತ್ತವೆ. ಓದುವವರು ಕ್ಷಮಿಸಬೇಕು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಒಳ್ಳೊಳ್ಳೆಯ ಮಾತುಗಳು ನನಗೆ ಗೊತ್ತಿಲ್ಲ. ಊರಿನ ಯಾರಾದರೊಬ್ಬರ ಬಗ್ಗೆ ಬರೆದುಕೊಡಿ, ಎಲ್ಲವನ್ನೂ ಸೇರಿಸಿ ಹೊಲಿದು ಕಪಾಟಿನಲ್ಲಿಡುತ್ತೇವೆ ಎಂದು ನಮ್ಮ ಪಂಚಾಯಿತಿ ಗ್ರಂಥಾಲಯದವರು ಚೀಟಿ ಅಂಟಿಸಿದ್ದಾರೆ. ನಾನು ಪಕ್ಕದ ಮನೆಯ ಸೊಣ್ಣಪ್ಪನವರ ಬಗ್ಗೆ ಬರೆದಿದ್ದೇನೆ. ಹೆಚ್ಚಿನದನ್ನು ಅವರ ಹೆಂಡತಿ ಸಪ್ಪಲಮ್ಮನವರು ಅವರೆಕಾಯಿ ಸುಲಿಯುತ್ತಾ ಹೇಳಿದರು. ಕೆಲವನ್ನು ಸೊಣ್ಣಪ್ಪನವರೇ ಹೇಳಿದರು. ಮೂರು ಸಲ ಬರೆದು ಹರಿದಿದ್ದೇನೆ, ಇದು ನಾಲ್ಕನೆಯದು.

ಘಾಟಿ ಸುಬ್ರಹ್ಮಣ್ಯದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ, ನಮ್ಮೂರಿನ ಬಸ್ ಸ್ಟಾಪು ದಾಟಿದ ಮೇಲೆ ಎಡಗಡೆಗೆ ಒಂದು ತಗಡಿನ ಶೆಡ್ಡಿದೆ. ಅದಕ್ಕೆ ಬೋರ್ಡಿಲ್ಲ. ಕಾರಿನಲ್ಲಿ ಎಸಿ ಹಾಕಿದ ತಕ್ಷಣ ಮುಂದಿನಿಂದ ಏನೋ ಸದ್ದು ಬರುತ್ತದೆ ಎಂದರೆ ಸುತ್ತಮುತ್ತಲಿನವರು ಅಲ್ಲಿಗೆ ಹೋಗುತ್ತಾರೆ. ಎಂಜಿನ್ನಿನ ಪಕ್ಕದಲ್ಲಿ ಒಂದು ಉದ್ದನೆಯ ಬೆಲ್ಟು ಓಡುತ್ತದೆ. ಎಸಿ ನಡೆಸುವುದೂ ಅದೇ, ಬ್ಯಾಟರಿಗೆ ಚಾರ್ಜು ತುಂಬುವುದೂ ಅದೇ, ಎಂಜಿನ್ ತಣಿಸುವ ನೀರಿನ ಪಂಪು ತಿರುಗಿಸುವುದೂ ಅದೇ. ಆ ಬೆಲ್ಟು ಸುತ್ತಿ ಬರುವ ಸಣ್ಣ ಸಣ್ಣ ಗಾಲಿಗಳೊಳಗೆ ಬೇರಿಂಗ್ ಇರುತ್ತವೆ. ಅವು ಸವೆದರೆ ಬೇರೆಯವರು ಗಾಲಿಯನ್ನೇ ಬಿಸಾಕಿ ಹೊಸದು ತರಿಸುತ್ತಾರೆ. ಸೊಣ್ಣಪ್ಪ ಮಾತ್ರ ಗಾಲಿ ಉಳಿಸಿಕೊಂಡು ಒಳಗಿನ ಬೇರಿಂಗನ್ನಷ್ಟೇ ತಟ್ಟಿ ತೆಗೆದು ಹೊಸದನ್ನು ಕೂರಿಸುತ್ತಾರೆ.

ಅವರು ಕಾರಿನ ಕೆಲಸ ಕಲಿತವರಲ್ಲ. ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಇಪ್ಪತ್ತೊಂಬತ್ತು ವರ್ಷ ಮಗ್ಗದ ಮೇಸ್ತ್ರಿಯಾಗಿದ್ದರು. ಇಪ್ಪತ್ತನಾಲ್ಕು ಮಗ್ಗ ಒಂದೇ ಸೂರಿನ ಕೆಳಗೆ ಬಡಿಯುತ್ತಿದ್ದವು. ಆ ಬಡಿತಕ್ಕೆ ಬಲಗಿವಿ ಪೂರ್ತಿ ಹೋಯಿತು. ಎಡಗಿವಿಯ ಹತ್ತಿರ ಬಂದು ಬಿಡಿಸಿ ಹೇಳಿದರೆ ಕೇಳಿಸುತ್ತದೆ. ಮಾಲೀಕರು ಮಗ್ಗಗಳನ್ನೆಲ್ಲ ಗುಜರಿಗೆ ಹಾಕಿದ ದಿನ ಸೊಣ್ಣಪ್ಪ ತಮ್ಮ ಸ್ಪ್ಯಾನರುಗಳನ್ನೂ ಅರ್ಧ ಡಬ್ಬ ಮಗ್ಗದ ಎಣ್ಣೆಯನ್ನೂ ಹಿಡಿದುಕೊಂಡು ಊರಿಗೆ ಬಂದರು. ಮಗ್ಗದ್ದಾದರೇನು, ಕಾರಿನದ್ದಾದರೇನು, ಬೇರಿಂಗ್ ಅಂದರೆ ಬೇರಿಂಗೇ ಅನ್ನುವುದು ಅವರ ಲೆಕ್ಕ. ಬಿಚ್ಚಿದ ಗಾಲಿಯನ್ನು ಕಣ್ಣು ಮುಚ್ಚಿಕೊಂಡು ಬೆರಳಲ್ಲಿ ತಿರುಗಿಸುತ್ತಾರೆ. ಒಳಗೆ ಮರಳು ಸಿಕ್ಕಿದ ಹಾಗಾದರೆ ಸವೆದಿದೆ ಎಂದು ಅರ್ಥ.

ಆದರೆ ಯಾವ ಗಾಲಿ ಬಿಚ್ಚಬೇಕು ಎಂದು ತಿಳಿಯಲು ಎಂಜಿನ್ ಓಡುವಾಗ ಕಿವಿ ಕೊಡಬೇಕು. ಅದು ಸಪ್ಪಲಮ್ಮನವರ ಪಾಲಿನ ಕೆಲಸ. ಅವರು ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿನ ಹತ್ತಿರ ನಿಂತು ಕೇಳಿ, ಗಂಡನ ಎಡಗಿವಿಗೆ ಹೇಳುತ್ತಾರೆ. ಹುರುಳಿ ಹುರಿದ ಹಾಗೆ ಅಂದರೆ ಬೇರಿಂಗ್ ಒಣಗಿದೆ. ಕೋಳಿಮರಿ ಕೂಗಿದ ಹಾಗೆ ಅಂದರೆ ಬೆಲ್ಟು ಜಾರುತ್ತಿದೆ. ರಾಗಿ ಬೀಸಿದ ಹಾಗೆ ಅಂದರೆ ಎಸಿಯ ದೊಡ್ಡ ಗಾಲಿಯದು. ಒಮ್ಮೆ ಏರ್‌ಪೋರ್ಟ್ ಟ್ಯಾಕ್ಸಿಯ ಡ್ರೈವರೊಬ್ಬ ಇದನ್ನೆಲ್ಲ ಕೇಳಿ ನಕ್ಕ.

“ಏನಜ್ಜಿ, ಗಾಡಿ ರಿಪೇರಿನೋ ಅಡುಗೆ ಮನೇನೋ?”

“ನಿನ್ ಗಾಡೀಲಿ ಒಗ್ಗರಣೆ ಸೀದೋಗ್ತಾ ಅದೆ, ಮೊದ್ಲು ಎಂಜಿನ್ ಆರ್ಸು” ಎಂದರು ಸಪ್ಪಲಮ್ಮ. ಆರಿಸಿ ನೋಡಿದರೆ ಬೆಲ್ಟಿನ ಅಂಚು ನಿಜಕ್ಕೂ ಸುಟ್ಟಿತ್ತು.

ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ ಕೆಂಪರಾಜು ಒಂದು ಹಳೆಯ ಕಾರು ಕೊಂಡದ್ದು ಶೋಕಿಗಲ್ಲ, ತಾಯಿಗಾಗಿ. ತಾಯಿ ನರಸಮ್ಮನವರ ಕಿಡ್ನಿ ಎರಡೂ ಕೆಲಸ ಬಿಟ್ಟಿವೆ. ಸೋಮವಾರ, ಗುರುವಾರ ದೊಡ್ಡಬಳ್ಳಾಪುರಕ್ಕೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಸಾರು, ಮಜ್ಜಿಗೆ, ಕಾಫಿ ಎಲ್ಲ ಸೇರಿ ದಿನಕ್ಕೆ ಮೂರೇ ಲೋಟ ನೀರು ಎಂದು ಡಾಕ್ಟರು ಹೇಳಿದ್ದಾರೆ. ಕುಡಿದದ್ದು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಂತು ಉಸಿರು ಕಟ್ಟುತ್ತದೆ. ಬಿಸಿಲಲ್ಲಿ ಹೋಗಿಬಂದರೆ ಬಾಯಾರಿಕೆ ತಡೆಯಲಾಗುವುದಿಲ್ಲ. ಅದಕ್ಕೇ ಎಸಿ ಇರುವ ಕಾರು. ಈ ನರಸಮ್ಮನವರು ಮೊದಲು ಸೊಣ್ಣಪ್ಪ ಇದ್ದ ಶೆಡ್ಡಿನಲ್ಲೇ ಹದಿನಾಲ್ಕು ವರ್ಷ ಕಂಡಿಕೆ ಸುತ್ತುತ್ತಿದ್ದವರು. ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಕಡ್ಡಿಗೆ ಕಂಡಿಕೆ ಎನ್ನುತ್ತಾರೆ.

ಹೋದ ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಕೆಂಪರಾಜು ಕಾರು ತಂದರು. ಹುರುಳಿ ಹುರಿದ ಹಾಗೆ, ಕೆಳಗಿನ ಸಣ್ಣ ಗಾಲಿ ಎಂದರು ಸಪ್ಪಲಮ್ಮ. ಕೆಂಪರಾಜು ಕಾರು ಬಿಟ್ಟು ಡೈರಿಗೆ ಹೋದರು. ಸೊಣ್ಣಪ್ಪ ಗಾಲಿ ಬಿಚ್ಚಿದರು. ಬೆರಳಿಗೆ ಮರಳು ಹತ್ತಿತು, ಬದಲಾಯಿಸಲೇಬೇಕು. ಡಬ್ಬಿಯಲ್ಲಿ ಹುಡುಕಿದರೆ ಆ ನಂಬರಿನ ಬೇರಿಂಗ್ ಮುಗಿದಿತ್ತು. ದೊಡ್ಡಬಳ್ಳಾಪುರದ ಅಂಗಡಿ ಭಾನುವಾರ ತೆಗೆಯುವುದಿಲ್ಲ. ಸೋಮವಾರ ಒಂಬತ್ತಕ್ಕೆಲ್ಲ ನರಸಮ್ಮ ಹೊರಡಬೇಕು.

ಬೇರಿಂಗ್ ಸಿಕ್ಕಲಿಲ್ಲ, ನಾಳೆ ಒಂದು ದಿನ ಬೇರೆ ಗಾಡಿ ಮಾಡಿಕೋ ಎಂದು ಹೇಳಬಹುದಿತ್ತು. ಆದರೆ ಇಪ್ಪತ್ತೊಂಬತ್ತು ವರ್ಷ ಅವರು ಕಲಿತದ್ದೇ ಬೇರೆ. ಸೀರೆ ಅರ್ಧಕ್ಕಿರುವಾಗ ಬೇರಿಂಗ್ ಸದ್ದು ಮಾಡಿದರೆ ಮಗ್ಗ ನಿಲ್ಲಿಸುವ ಹಾಗಿಲ್ಲ. ಎಣ್ಣೆ ಬಿಡಬೇಕು, ಸೀರೆ ಇಳಿಯುವವರೆಗೆ ಓಡಿಸಬೇಕು. ಮಗ್ಗ ನಿಲ್ಲಿಸದ ಮೇಸ್ತ್ರಿ ಎಂದೇ ಅವರಿಗೆ ಹೆಸರಿತ್ತು. ದನಕ್ಕೆ ಚುಚ್ಚುವ ಸಿರಿಂಜಿನಲ್ಲಿ ಮಗ್ಗದ ಎಣ್ಣೆ ಎಳೆದುಕೊಂಡರು. ಬೇರಿಂಗಿನ ರಬ್ಬರು ಮುಚ್ಚಳದ ಅಂಚಿಗೆ ಸೂಜಿ ತೂರಿಸಿ ಒಳಗೆ ಬಿಟ್ಟರು. ಗಾಲಿ ಕೂರಿಸಿ, ಬೆಲ್ಟು ಹಾಕಿ, ಎಂಜಿನ್ ಎಬ್ಬಿಸಿ ಹೆಂಡತಿಯ ಮುಖ ನೋಡಿದರು.

“ಸದ್ದು ಹೋಗಿಲ್ಲ, ಬಾಯಿ ಮುಚ್ಕೊಂಡೈತೆ ಅಷ್ಟೇ” ಎಂದರು ಸಪ್ಪಲಮ್ಮ.

ಮಂಗಳವಾರ ಹೊಸದು ತಂದು ಹಾಕಿದರಾಯಿತು, ಎರಡು ದಿನಕ್ಕೇನೂ ಆಗುವುದಿಲ್ಲ ಎಂದರು ಸೊಣ್ಣಪ್ಪ.

ಸಂಜೆ ಕೆಂಪರಾಜು ಬಂದು, ಅವರ ಎಡಗಿವಿಯ ಹತ್ತಿರ ಬಗ್ಗಿ, ಗಿರಾಕಿಗಳೆಲ್ಲ ವಿಚಾರಿಸುವ ಹಾಗೆಯೇ ವಿಚಾರಿಸಿದರು. “ಹೊಸದು ಹಾಕಿದ್ರಾ ಸೊಣ್ಣಪ್ಪಣ್ಣ?”

ಸೊಣ್ಣಪ್ಪ ತಲೆ ಆಡಿಸಿದರು.

ಕಿವಿ ಕೇಳದವರು ಯಾರು ಏನು ಕೇಳಿದರೂ ತಲೆ ಆಡಿಸುವುದುಂಟು. ಎಷ್ಟೋ ಸಲ ಅವರೂ ಹಾಗೆ ಮಾಡಿದ್ದಾರೆ, ಊರಲ್ಲಿ ಅದನ್ನು ತಮಾಷೆ ಮಾಡುತ್ತಾರೆ. ಆದರೆ ಅವತ್ತು ಕೇಳಿಸಿತ್ತು. ಕೇಳಿಸಿತ್ತು ಎನ್ನುವುದು ಅವರಿಗೂ ಗೊತ್ತಿತ್ತು, ಬಾಗಿಲಲ್ಲಿ ನಿಂತಿದ್ದ ಸಪ್ಪಲಮ್ಮನವರಿಗೂ ಗೊತ್ತಿತ್ತು.

ಸೋಮವಾರ ಕಾರು ಸುಮ್ಮನೆ ಹೋಗಿ ಸುಮ್ಮನೆ ಬಂತು. ಮಂಗಳವಾರ ಸೊಣ್ಣಪ್ಪ ದೊಡ್ಡಬಳ್ಳಾಪುರಕ್ಕೆ ಹೋಗಿ ಬೇರಿಂಗ್ ತಂದು, ಕಾಗದ ಬಿಚ್ಚದೆ ಹಲಗೆಯ ಮೇಲಿಟ್ಟರು. ಇನ್ನು ಕೆಂಪರಾಜುವನ್ನು ಕರೆಸಬೇಕು. ಫೋನಿನಲ್ಲಿ ಮಾತಾಡುವುದು ಯಾವಾಗಲೂ ಸಪ್ಪಲಮ್ಮನೇ. ಮಾಡಲಾ ಎಂದು ಅವರು ಕೇಳಿದರು. ಕರೆಸಿದರೆ ಯಾಕೆ ಎಂದು ಹೇಳಬೇಕಾಗುತ್ತದೆ. ಗುರುವಾರ ಡಯಾಲಿಸಿಸ್ ಮುಗಿಸಿಕೊಂಡು ಇದೇ ದಾರಿಯಲ್ಲಿ ಬರುತ್ತಾರಲ್ಲ, ಆಗ ನಿಲ್ಲಿಸಿ ಹಾಕಿದರಾಯಿತು ಎಂದರು ಸೊಣ್ಣಪ್ಪ. ಬುಧವಾರವೂ ಆ ಪೊಟ್ಟಣ ಹಲಗೆಯ ಮೇಲೆಯೇ ಇತ್ತು.

ಗುರುವಾರ ಒಂಬತ್ತೂವರೆಗೆ ಫೋನ್ ಬಂತು. ದಾರಿಯಲ್ಲಿ ಏನೋ ಕಿತ್ತುಹೋದ ಸದ್ದಾಯಿತು, ಎಂಜಿನ್ ಕಾದುಹೋಗಿದೆ, ಕಾರು ನಿಂತಿದೆ ಎಂದರು ಕೆಂಪರಾಜು. ಗಂಡ ಹೆಂಡತಿ ಟಿವಿಎಸ್ ಗಾಡಿಯಲ್ಲಿ ಸಾಮಾನಿನ ಚೀಲ ಇಟ್ಟುಕೊಂಡು ಹೊರಟರು. ಹೊರಡುವಾಗ ಸೊಣ್ಣಪ್ಪ ಹಲಗೆಯ ಮೇಲಿನ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡರು.

ನಾಲ್ಕು ಕಿಲೋಮೀಟರ್ ಆಚೆ, ರಸ್ತೆ ಬದಿಯಲ್ಲಿ ಕಾರು ನಿಂತಿತ್ತು. ನೆರಳಿರಲಿಲ್ಲ. ನಾಲ್ಕೂ ಬಾಗಿಲು ತೆರೆದು, ನರಸಮ್ಮನವರ ತಲೆಯ ಮೇಲೆ ಒದ್ದೆ ಟವೆಲು ಹಾಕಿದ್ದರು. ಬಾಡಿಗೆ ಕಾರು ಯಾವುದೂ ಸಿಕ್ಕಿರಲಿಲ್ಲ. ಆಟೋದಲ್ಲಿ ಕಳಿಸೋಣ ಎಂದರೆ ಅವರಿಗೆ ಸೊಂಟ ನಿಲ್ಲುವುದಿಲ್ಲ, ಹಿಂದೊಮ್ಮೆ ಹೋಗಿ ದಾರಿಯಲ್ಲೇ ತಲೆ ಸುತ್ತಿ ಬಿದ್ದಿದ್ದರು. ಹನ್ನೆರಡೂವರೆಯೊಳಗೆ ಬಂದರೆ ಹಾಸಿಗೆ ಇರುತ್ತದೆ, ಆದರೆ ನಾಲ್ಕು ಗಂಟೆಯ ಬದಲು ಮೂರೇ ಗಂಟೆ ಎಂದು ಡಯಾಲಿಸಿಸ್‌ನವರು ಹೇಳಿದ್ದರು.

ಸೊಣ್ಣಪ್ಪ ಬಾನೆಟ್ಟಿನೊಳಗೆ ಬಗ್ಗಿದರು. ಬೆಲ್ಟು ನಾರುನಾರಾಗಿ ಕಿತ್ತುಹೋಗಿತ್ತು. ಗಾಲಿ ಅಲುಗಾಡಲಿಲ್ಲ, ಬೇರಿಂಗ್ ಸುಟ್ಟು ನೀಲಿಯಾಗಿ ಕಚ್ಚಿಕೊಂಡಿತ್ತು. ಸುತ್ತಲೂ ಕರಿ ಎಣ್ಣೆ ಎರಚಿತ್ತು. ನೋಡಿದ ತಕ್ಷಣ ಅವರಿಗೆ ಎಲ್ಲ ತಿಳಿಯಿತು. ಮಗ್ಗದ ಗಾಲಿ ನಿಮಿಷಕ್ಕೆ ನೂರೋ ಇನ್ನೂರೋ ಸುತ್ತು ಬರುವಂಥದ್ದು. ಇದು ಸಾವಿರಗಟ್ಟಲೆ ಸುತ್ತುತ್ತದೆ. ತೆಳ್ಳನೆಯ ಎಣ್ಣೆ, ಒಳಗೆ ಉಳಿದಿದ್ದ ಚೂರು ಗ್ರೀಸನ್ನೂ ಕರಗಿಸಿಕೊಂಡು ಆಚೆ ಹಾರಿತ್ತು. ಎಣ್ಣೆ ಬಿಡದೆ ಹಾಗೇ ಕಳಿಸಿದ್ದರೆ ಸದ್ದು ಮಾಡಿಕೊಂಡಾದರೂ ಓಡುತ್ತಿತ್ತೇನೋ.

ಕೆಂಪರಾಜು ಬೆಲ್ಟು ತರಲು ಅದೇ ಟಿವಿಎಸ್ ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋದರು. ಸೊಣ್ಣಪ್ಪ ಗಾಲಿ ಬಿಚ್ಚಿ ರಸ್ತೆ ಬದಿಯ ಕಲ್ಲಿನ ಮೇಲೆ ಕೂತು, ಹಳೆಯದನ್ನು ತಟ್ಟಿ ತೆಗೆದು, ಹೊಸದನ್ನು ಹೊರಗಿನ ಬಳೆಗೆ ಮಾತ್ರ ಪೆಟ್ಟು ಬೀಳುವ ಹಾಗೆ ಸುತ್ತಲೂ ನಿಧಾನವಾಗಿ ತಟ್ಟಿ ಕೂರಿಸಿದರು. ಒಳಗಿನ ಬಳೆಗೆ ಪೆಟ್ಟು ಬಿದ್ದರೆ ಎರಡು ಬಳೆಗಳ ನಡುವಿನ ಉಕ್ಕಿನ ಗುಂಡುಗಳಿಗೆ ಗಾಯವಾಗುತ್ತದೆ. ಒಂದು ಪೆಟ್ಟೂ ತಪ್ಪಲಿಲ್ಲ.

ನರಸಮ್ಮ ಒಳಗಿಂದ ಏನೋ ಹೇಳಿದರು. ಅವರಿಗೆ ಗಟ್ಟಿಯಾಗಿ ಮಾತಾಡುವ ಶಕ್ತಿಯಿಲ್ಲ, ಸೊಣ್ಣಪ್ಪನಿಗೆ ಕೇಳಿಸಲಿಲ್ಲ. ಕೇಳಿಸಿದ್ದು ಸಪ್ಪಲಮ್ಮನವರಿಗೆ.

“ಮೇಸ್ತ್ರಿಗೆ ಹೇಳು. ಸೋಮ್ವಾರದಿಂದ ಕಾರೊಳ್ಗೆ ನಮ್ ಶೆಡ್ಡಿನ್ ವಾಸ್ನೆ ಬರ್ತಾ ಇತ್ತು. ಆ ಎಣ್ಣೆ ಪಕ್ಕ ಹದಿನಾಲ್ಕು ವರ್ಷ ಕೂತಿದೀನಿ, ನಂಗೆ ಗೊತ್ತಾಗಲ್ವಾ. ಹೊಸ ಬೇರಿಂಗ್‌ಗೆ ಯಾರೂ ಎಣ್ಣೆ ಬಿಡಲ್ಲ. ಮಗನಿಗೆ ನಾನು ಹೇಳಿಲ್ಲ. ಹೇಳೋದೂ ಇಲ್ಲ.”

ಸಪ್ಪಲಮ್ಮ ಕಾರಿನ ಬಾಗಿಲಿಂದ ಈಚೆಗೆ ಬಂದರು. ಬೇರೆ ಏನಾದರೂ ಹೇಳಿಬಿಡಬಹುದಿತ್ತು, ಬಿಸಿಲು ಜಾಸ್ತಿ ಅಂತಾವ್ರೆ ಎಂದರೂ ಗಂಡ ನಂಬುತ್ತಿದ್ದರು. ಅವರು ಗಂಡನ ಪಕ್ಕ ಕುಕ್ಕರಗಾಲಲ್ಲಿ ಕೂತು, ಎಡಗಿವಿಗೆ ಬಾಯಿಟ್ಟು, ನರಸಮ್ಮ ಹೇಳಿದ್ದನ್ನೆಲ್ಲ ಒಂದು ಮಾತೂ ಬಿಡದೆ ಹೇಳಿದರು. ಸೊಣ್ಣಪ್ಪ ತಲೆ ಎತ್ತಲಿಲ್ಲ.

“ಕೇಳಿಸ್ತಾ?”

“ಕೇಳಿಸ್ತು” ಎಂದರು.

ಆಮೇಲೆ ಗಾಲಿ ಕೂರಿಸಿ ಬೋಲ್ಟು ಬಿಗಿದರು. ಎರಚಿದ್ದ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದರು, ಎಲ್ಲ ಗಾಲಿಗಳಲ್ಲಿ ಬೆಲ್ಟು ಕೂರುವ ಹಳ್ಳಗಳನ್ನೂ ಒಂದೊಂದಾಗಿ ಒರೆಸಿದರು. ಕೆಂಪರಾಜು ಬೆಲ್ಟು ತಂದರು. ಬೆಲ್ಟು ಸುತ್ತಿ, ನೀರು ತುಂಬಿ, ಎಂಜಿನ್ ಎಬ್ಬಿಸಿದಾಗ ಹನ್ನೆರಡು ಹತ್ತಿರವಾಗಿತ್ತು. ಸದ್ದಿಲ್ಲ ಎಂದರು ಸಪ್ಪಲಮ್ಮ. ಎಸಿಯ ಗಾಳಿ ತಣ್ಣಗಾಯಿತು.

ಕೆಂಪರಾಜು ಬೆವರು ಒರೆಸಿಕೊಳ್ಳುತ್ತಾ, ಹೊಸ ಬೇರಿಂಗೂ ನಾಲ್ಕು ದಿನಕ್ಕೆ ಹಿಂಗಾಗ್ತದೆ ಅಂದ್ರೆ ಈಗಿನ ಮಾಲೇ ಸರಿಯಿಲ್ಲ ಎಂದರು. ಅಂಗಡಿಯವನನ್ನು ಬೈಯಬೇಕು ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಸೊಣ್ಣಪ್ಪ ಸುಟ್ಟ ಬೇರಿಂಗನ್ನು ಅಂಗೈಯಲ್ಲಿಟ್ಟು ತೋರಿಸಿದರು.

“ಮಾಲು ಸರೀಗದೆ ಕಣಪ್ಪ. ಭಾನ್ವಾರ ನಾನು ಹೊಸದು ಹಾಕ್ಲಿಲ್ಲ. ಹಳೇದಕ್ಕೇ ಮಗ್ಗದ ಎಣ್ಣೆ ಬಿಟ್ಟೆ. ನೀನು ಕೇಳಿದ್ದು ನಂಗೆ ಕೇಳಿಸ್ತು. ಕೇಳಿಸೇ ತಲೆ ಆಡಿಸ್ದೆ.”

ಕೆಂಪರಾಜು ಸೊಣ್ಣಪ್ಪನವರನ್ನೂ ನೋಡಿದರು, ಬೇರಿಂಗನ್ನೂ ನೋಡಿದರು. ಬೈಯಲಿಲ್ಲ. ಗಡಿಯಾರ ನೋಡಿ, ಬಾಗಿಲು ಹಾಕಿಕೊಂಡು ಹೊರಟುಹೋದರು. ಗಂಡ ಹೆಂಡತಿ ಟಿವಿಎಸ್ ತಳ್ಳಿಕೊಂಡು ಒಂದಷ್ಟು ದೂರ ನಡೆದೇ ಬಂದರಂತೆ. ಯಾಕೆ ಹತ್ತಲಿಲ್ಲ ಎಂದು ನಾನು ಕೇಳಿದೆ. ನೆನಪಿಲ್ಲ ಎಂದರು ಸಪ್ಪಲಮ್ಮ.

ಆ ಶನಿವಾರ ನರಸಮ್ಮನವರಿಗೆ ಉಸಿರು ಕಟ್ಟಿತು. ಮೈಯಲ್ಲಿ ನೀರು ನಿಂತಿದೆ ಎಂದು ಆಸ್ಪತ್ರೆಗೆ ಸೇರಿಸಿಕೊಂಡರು. ಗುರುವಾರ ಒಂದು ಗಂಟೆ ಕಡಿಮೆಯಾದದ್ದಕ್ಕೋ, ಬಿಸಿಲಲ್ಲಿ ಬಾಯಾರಿ ಕುಡಿದ ನೀರಿಗೋ ಎಂದು ಯಾರೂ ಹೇಳಲಿಲ್ಲ. ಸೊಣ್ಣಪ್ಪನೂ ಕೇಳಲಿಲ್ಲ. ಮೂರು ದಿನ ಶೆಡ್ಡಿನ ಬಾಗಿಲು ತೆಗೆಯಲಿಲ್ಲ. ಬಂದವರಿಗೆ, ಮೇಸ್ತ್ರಿಗೆ ಹುಷಾರಿಲ್ಲ ಎಂದು ಸಪ್ಪಲಮ್ಮ ಹೇಳಿ ಕಳಿಸಿದರು. ನರಸಮ್ಮ ಮನೆಗೆ ಬಂದರು ಎಂದು ತಿಳಿದ ಮೇಲೆ ಬಾಗಿಲು ತೆಗೆದರು.

ಎರಡು ತಿಂಗಳು ಕೆಂಪರಾಜು ಶೆಡ್ಡಿನ ಕಡೆ ತಿರುಗಲಿಲ್ಲ. ಮಳೆ ಹಿಡಿದ ಮೇಲೆ ಒಂದು ದಿನ ಬಂದು, ಕಾರಿನಿಂದ ಇಳಿಯದೆ ಬಾನೆಟ್ ತೆರೆದರು. ಸಪ್ಪಲಮ್ಮ ಕಿವಿ ಕೊಟ್ಟು, ರಾಗಿ ಬೀಸಿದ ಹಾಗೆ ಎಂದರು. ಎಸಿಯ ದೊಡ್ಡ ಗಾಲಿ. ಅದರ ಬೇರಿಂಗ್ ಇರಲಿಲ್ಲ. ಇವತ್ತಿಲ್ಲ, ನಾಳೆ ತರಿಸಿ ಹಾಕುತ್ತೇನೆ, ಅಲ್ಲಿಯವರೆಗೆ ಎಸಿ ಹಾಕಬೇಡ ಎಂದು ಸೊಣ್ಣಪ್ಪ ಬಾಯಿಬಿಟ್ಟು ಹೇಳಿದರು. ಮಾರನೆಯ ದಿನ ಹಾಕಿ ಮುಗಿಸಿದಾಗ ಕೆಂಪರಾಜು ಎಡಗಿವಿಯ ಹತ್ತಿರ ಬಗ್ಗಿದರು.

“ಹೊಸದು ಹಾಕಿದ್ರಾ? ತಲೆ ಆಡಿಸ್ಬೇಡಿ. ಬಾಯಲ್ಲಿ ಹೇಳಿ.”

“ಹಾಕಿದೀನಿ” ಎಂದರು ಸೊಣ್ಣಪ್ಪ. ಬಿಚ್ಚಿದ ಹಳೆಯದನ್ನು ಅವರ ಕೈಗೆ ಕೊಟ್ಟರು.

ಈಗ ಯಾರ ಕಾರು ಬಂದರೂ ಹಳೆಯ ಬೇರಿಂಗನ್ನು ಅವರ ಕೈಗೇ ಕೊಡುತ್ತಾರೆ. ತಗೊಂಡೇನು ಮಾಡಲಿ ಎಂದು ಕೆಲವರು ಅಲ್ಲೇ ಬಿಟ್ಟುಹೋಗುತ್ತಾರೆ. ಮಗ್ಗದ ಎಣ್ಣೆ ಡಬ್ಬ ಇನ್ನೂ ಇದೆ, ಶೆಡ್ಡಿನ ಬಾಗಿಲ ಕೀಲಿಗೆ ಹಾಕುತ್ತಾರೆ. ಸೋಮವಾರ, ಗುರುವಾರ ಒಂಬತ್ತು ಗಂಟೆಗೆ ಕೆಂಪರಾಜುವಿನ ಕಾರು ಕಿಟಕಿ ಏರಿಸಿಕೊಂಡು ಶೆಡ್ಡಿನ ಮುಂದೆ ಹಾದುಹೋಗುತ್ತದೆ. ಸೊಣ್ಣಪ್ಪ ಕೈಯಲ್ಲಿರುವ ಕೆಲಸ ನಿಲ್ಲಿಸಿ ಹೆಂಡತಿಯ ಕಡೆ ತಿರುಗುತ್ತಾರೆ. ಸಪ್ಪಲಮ್ಮ ಕಾರು ತಿರುವು ದಾಟುವವರೆಗೆ ಕೇಳಿ, ಹತ್ತಿರ ಬಂದು, ಸದ್ದಿಲ್ಲ ಎಂದು ಹೇಳುತ್ತಾರೆ. ಆಮೇಲೆ ಮತ್ತೆ ಕೆಲಸ ಶುರುವಾಗುತ್ತದೆ.

ಇದರಲ್ಲಿ ಸೊಣ್ಣಪ್ಪನವರ ತಪ್ಪನ್ನೂ ಬರೆದಿದ್ದೇನೆ. ಬರೆಯಬಹುದಾ ಎಂದು ಸಪ್ಪಲಮ್ಮನವರನ್ನು ಕೇಳಿದೆ, ಅವರನ್ನೇ ಕೇಳು ಎಂದರು. ನಾಳೆ ಭಾನುವಾರ, ಶೆಡ್ಡಿನಲ್ಲಿ ಕೆಲಸ ಕಡಿಮೆ. ಅವರ ಎಡಗಡೆ ಕೂತು ಇದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದುತ್ತೇನೆ. ಅವರು ಸರಿಯಿಲ್ಲ ಎಂದ ಕಡೆ ತಿದ್ದಿ, ಐದನೇ ಸಲ ಬರೆದು, ಸೋಮವಾರ ಗ್ರಂಥಾಲಯಕ್ಕೆ ಕೊಡುತ್ತೇನೆ. ಬೇಡ ಎಂದರೆ ಕೊಡುವುದಿಲ್ಲ.